ನೆಲದಡಿಯ ವಾಸನೆ: ಹೊಸ ನೆಲ ಹಾಸುವ ಮುನ್ನ

ಸಾಕುಪ್ರಾಣಿಗಳ ಮೂತ್ರದ ವಾಸನೆ ನೆಲದ ಮೇಲ್ಮೈಯಲ್ಲಿ ಉಳಿಯುವುದು ಕಡಿಮೆ. ಮೇಲೆ ಬಿದ್ದದ್ದನ್ನು ಒರೆಸಬಹುದು, ತೊಳೆಯಬಹುದು. ಒರೆಸುವ ಮೊದಲೇ ಬಿರುಕಿನಲ್ಲಿ, ಟೈಲ್ಸಿನ ಸಂದಿಯಲ್ಲಿ, ಗೋಡೆಯ ಬುಡದಲ್ಲಿ ಇಳಿದುಹೋದ ಪಾಲು ಅಡಿಪದರವನ್ನು ಸೇರಿ ಅಲ್ಲೇ ನಿಲ್ಲುತ್ತದೆ. ಸಿಮೆಂಟಿನ ಮನೆಯಲ್ಲಿ ಮೇಸ್ತ್ರಿಗಳು ಬೆಡ್ ಎನ್ನುವ ಕಾಂಕ್ರೀಟು, ಹಳೆಯ ಮನೆಯಲ್ಲಿ ಬಡಿದು ಗಟ್ಟಿ ಮಾಡಿದ ಮಣ್ಣು, ಅಟ್ಟದಲ್ಲಿ ಮರದ ಹಲಗೆ, ಇವು ಆ ಅಡಿಪದರಗಳು. ಹೊಸ ನೆಲ ಹಾಸಲು ಹಳೆಯದನ್ನು ಕಿತ್ತಾಗ ಮಾತ್ರ ಇವು ಕಣ್ಣಿಗೆ ಬೀಳುತ್ತವೆ, ಕೈಗೆ ಸಿಗುತ್ತವೆ. ಆ ಕೆಲವು ದಿನ ಕಳೆದುಹೋದರೆ ಮತ್ತೆ ಇಪ್ಪತ್ತು ಮೂವತ್ತು ವರ್ಷ ಅವುಗಳ ಹತ್ತಿರ ಹೋಗುವ ದಾರಿ ಇರುವುದಿಲ್ಲ. ಆದ್ದರಿಂದ ವಾಸನೆ ತೆಗೆಯುವ ಕೆಲಸ ಟೈಲ್ಸ್ ಆರಿಸುವ ಕೆಲಸಕ್ಕಿಂತ ಮೊದಲು ಬರಬೇಕು.

ಮಲೆನಾಡಿನ ಕಳಸ, ಹೊರನಾಡು, ಸಂಸೆ, ಬಾಳೆಹೊಳೆಯ ಸುತ್ತಿನ ಮನೆಗಳಲ್ಲಿ ಈ ತೊಂದರೆಯ ಬೇರು ಅಲ್ಲಿನ ಬದುಕಿನಲ್ಲೇ ಇದೆ. ತೋಟದ ಮನೆಗೆ ನಾಯಿ ಬೇಕು; ಮಂಗ, ಹಂದಿ ಓಡಿಸಲು, ಕಣದಲ್ಲಿ ಹರಡಿದ ಕಾಫಿ ಕಾಯಲು. ಇಲಿಯ ಕಾಟಕ್ಕೆ ಬೆಕ್ಕು ಬೇಕು. ರಾತ್ರಿ ಹೊರಗೆ ಬಿಟ್ಟ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗುವ ಭಯ ಕಾಡಂಚಿನ ಮನೆಗಳಲ್ಲಿ ಇದ್ದೇ ಇದೆ. ಹಾಗಾಗಿ ಕತ್ತಲಾದ ಮೇಲೆ ನಾಯಿ ಒಳಗೆ. ಆರಿದ್ರಾ ಮಳೆ ಹಿಡಿದ ಮೇಲಂತೂ ಹಗಲೂ ಅದು ಜಗಲಿ ಬಿಟ್ಟು ಅಲುಗುವುದಿಲ್ಲ. ಮುದಿ ನಾಯಿಯಾದರೆ, ಮರಿಯಾದರೆ, ಜಗಲಿಯ ಮೂಲೆಯೋ ನಡುಮನೆಯ ಕಂಬದ ಬುಡವೋ ಅದರ ಜಾಗವಾಗಿಬಿಡುತ್ತದೆ. ಹತ್ತಾರು ವರ್ಷ ಹೀಗೆ ನಡೆದ ಮನೆಯನ್ನು ಹೋಂಸ್ಟೇ ಮಾಡಲೋ ಮಕ್ಕಳ ಮದುವೆಗೋ ಹೊಸದು ಮಾಡುವಾಗ ಹಳೆಯ ರೆಡ್‌ಆಕ್ಸೈಡ್ ನೆಲದ ಮೇಲೆ ನೇರವಾಗಿ ಟೈಲ್ಸ್ ಕೂರಿಸುವುದು ರೂಢಿಯಾಗಿದೆ. ಕೆಲಸ ಬೇಸಿಗೆಯಲ್ಲಿ ಮುಗಿಯುತ್ತದೆ, ಮನೆ ಘಮಘಮಿಸುತ್ತದೆ. ಜೂನ್ ಕಳೆದು ಜುಲೈ ಬರುವಾಗ ಹೊಸ ಟೈಲ್ಸಿನ ಸಂದಿಯಿಂದ ಹಳೆಯ ನಾಯಿಯ ವಾಸನೆ ಏಳುತ್ತದೆ. ನಾಯಿ ಸತ್ತು ಎಷ್ಟೋ ವರ್ಷವಾಗಿದ್ದರೂ ಹೀಗಾಗುವುದುಂಟು.

ಹೀಗೇಕೆ ಆಗುತ್ತದೆ ಎಂಬುದು ಮೂತ್ರದಲ್ಲಿರುವ ವಸ್ತುಗಳಿಂದ ತಿಳಿಯುತ್ತದೆ. ಮೂತ್ರದ ಹೆಚ್ಚಿನ ಪಾಲು ನೀರು. ಕರಗಿರುವುದರಲ್ಲಿ ಯೂರಿಯಾ ಮುಖ್ಯ, ಜೊತೆಗೆ ಕ್ರಿಯಾಟಿನಿನ್ ಮತ್ತು ಸೋಡಿಯಂ, ಪೊಟ್ಯಾಸಿಯಂ ಮೊದಲಾದವುಗಳ ಲವಣಗಳು. ಹೊಸ ಮೂತ್ರಕ್ಕೆ ಗಾಢವಾದ ವಾಸನೆಯಿಲ್ಲ. ನೆಲದಲ್ಲಿರುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಕಣ್ಣು ಮೂಗು ಉರಿಸುವ ವಾಸನೆ ಅದರದು. ಈ ಕಿಣ್ವವನ್ನು 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಕಾಳಿನಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಆ ಕೆಲಸಕ್ಕಾಗಿ 1946ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಬಂತು. ಕಾಫಿ ಬೆಳೆಗಾರರಿಗೆ ಇದರ ಕೆಲಸ ಹೊಸದಲ್ಲ. ಗಿಡದ ಬುಡಕ್ಕೆ ಹಾಕಿದ ಯೂರಿಯಾ ಗೊಬ್ಬರ ಮಳೆ ಸಿಗದೆ ಮೇಲೆಯೇ ಉಳಿದರೆ ಅದರ ಸಾರ ಅಮೋನಿಯಾ ಆಗಿ ಗಾಳಿಗೆ ಹೋಗುವುದು ಇದೇ ಕಿಣ್ವದಿಂದ. ತೋಟದ ಮಣ್ಣಿನಲ್ಲಿ ನಡೆಯುವುದೇ ಜಗಲಿಯ ಕೆಳಗೂ ನಡೆಯುತ್ತದೆ.

ಬೆಕ್ಕಿನ ಮೂತ್ರದ ಕಥೆ ಇನ್ನಷ್ಟು ಕಠಿಣ. ಬೆಕ್ಕು ನೀರು ಕುಡಿಯುವುದು ಕಡಿಮೆ, ಅದರ ಮೂತ್ರ ಮಂದ. ಅದರಲ್ಲಿ ಫೆಲಿನೈನ್ ಎಂಬ ಗಂಧಕವಿರುವ ಅಮೈನೋ ಆಮ್ಲವಿದೆ. ಬೀಜ ಒಡೆಸದ ಗಂಡು ಬೆಕ್ಕಿನಲ್ಲಿ ಇದು ಹೆಚ್ಚು. ಇದನ್ನು ಉಂಟುಮಾಡಲು ನೆರವಾಗುವ ಕಾಕ್ಸಿನ್ ಎಂಬ ಪ್ರೋಟೀನಿನ ಪಾತ್ರವನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ವಿವರಿಸಿದರು. ಫೆಲಿನೈನ್ ನಿಧಾನವಾಗಿ ಒಡೆದು ಗಂಧಕದ ಸಣ್ಣ ಅಣುಗಳನ್ನು ಬಿಡುತ್ತದೆ. ಅಮೋನಿಯಾ ಹಾರಿಹೋದ ಮೇಲೂ ಬೆಕ್ಕಿನ ಜಾಗ ನಾರುವುದು ಈ ಕಾರಣಕ್ಕೆ. ಯೂರಿಕ್ ಆಮ್ಲದ ಹರಳೇ ವಾಸನೆಯ ಮೂಲ ಎಂಬ ಮಾತು ಶುಚಿಕಾರಕಗಳ ಜಾಹೀರಾತಿನಲ್ಲಿ ಪದೇ ಪದೇ ಬರುತ್ತದೆ. ಅದನ್ನು ಪೂರ್ತಿ ನಂಬಬೇಕಿಲ್ಲ. ನಾಯಿ ಬೆಕ್ಕುಗಳ ದೇಹ ಯೂರಿಕ್ ಆಮ್ಲದ ಹೆಚ್ಚಿನ ಪಾಲನ್ನು ಅಲಂಟಾಯಿನ್ ಎಂಬ ಸುಲಭವಾಗಿ ಕರಗುವ ವಸ್ತುವಾಗಿ ಮಾರ್ಪಡಿಸಿಯೇ ಹೊರಹಾಕುತ್ತದೆ. ನಾಯಿಗಳಲ್ಲಿ ಡಾಲ್ಮೇಷಿಯನ್ ತಳಿ ಇದಕ್ಕೆ ಹೆಸರಾದ ಅಪವಾದ.

ವಾಸನೆ ಬೇಸಿಗೆಯಲ್ಲಿ ಮಲಗಿ ಮಳೆಗಾಲದಲ್ಲಿ ಏಳುವುದಕ್ಕೆ ಕಾರಣ ಲವಣಗಳು. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಯೂರಿಯಾದ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಮಲೆನಾಡಿನ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರೊಡೆಯುವುದು, ಗೋದಾಮಿನಲ್ಲಿ ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲ ಒದ್ದೆಯಾಗಿ ಗಡ್ಡೆ ಕಟ್ಟುವುದು ಎಲ್ಲರೂ ಕಂಡದ್ದೇ. ಕಳಸದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೇವಾಂಶ ಆ ಮಿತಿಗಿಂತ ಕೆಳಗೆ ಇಳಿಯುವ ದಿನಗಳೇ ಅಪರೂಪ. ಭದ್ರೆ ಉಕ್ಕಿ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಹರಿಯುವಂಥ ವಾರಗಳಲ್ಲಿ ಮನೆಯೊಳಗಿನ ಗೋಡೆ, ಬಟ್ಟೆ, ಪುಸ್ತಕ ಯಾವುದೂ ಒಣಗಿರುವುದಿಲ್ಲ. ಆಗ ನೆಲದೊಳಗೆ ಒಣಗಿ ಕೂತಿದ್ದ ಲವಣ ಮತ್ತೆ ದ್ರವವಾಗುತ್ತದೆ, ಬ್ಯಾಕ್ಟೀರಿಯಾಗಳಿಗೆ ನೀರು ಸಿಗುತ್ತದೆ, ಉಳಿದ ಯೂರಿಯಾ ಒಡೆಯತೊಡಗುತ್ತದೆ. ಬಯಲುಸೀಮೆಯ ಒಣ ಮನೆಯಲ್ಲಿ ಅರೆಬರೆ ಶುಚಿ ಮಾಡಿದರೂ ದಿನ ಸಾಗೀತು. ಮಲೆನಾಡಿನಲ್ಲಿ ಅದು ನಡೆಯದು. ಅಲ್ಲಿ ಪ್ರತಿ ವರ್ಷ ನಾಲ್ಕು ತಿಂಗಳು ನೆಲದ ಪರೀಕ್ಷೆ.

ಹೊಸ ನೆಲ ಹಳೆಯ ವಾಸನೆಯನ್ನು ಮುಚ್ಚಿಬಿಡುತ್ತದೆ ಎಂಬ ನಂಬಿಕೆ ಎರಡು ಕಾರಣಕ್ಕೆ ತಪ್ಪು. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅದರ ತೂಕದ 0.5 ಶೇಕಡಾಕ್ಕಿಂತ ಕಡಿಮೆ ಎಂಬುದು ನಿಜ. ಅದರ ನಡುವಿನ ಸಂದಿಗೆ ತುಂಬುವ ಸಿಮೆಂಟಿಗೆ ಆ ಗುಣವಿಲ್ಲ, ಗೋಡೆ ಸೇರುವ ಅಂಚಿಗಂತೂ ಇಲ್ಲವೇ ಇಲ್ಲ. ಆವಿ ಅಲ್ಲಿಂದ ಬರುತ್ತದೆ. ಎರಡನೆಯ ಕಾರಣ ಹೆಚ್ಚು ಗಂಭೀರ, ಮೇಸ್ತ್ರಿಗಳಿಗೂ ಮನೆಯವರಿಗೂ ಸಾಮಾನ್ಯವಾಗಿ ಗೊತ್ತಿಲ್ಲದ್ದು. ಮೂತ್ರ ಕುಡಿದ ನೆಲದಲ್ಲಿ ಅಮೋನಿಯಾದ ಒಂದು ಪಾಲು ಅಮೋನಿಯಂ ಲವಣವಾಗಿ, ವಾಸನೆಯಿಲ್ಲದೆ ಕೂತಿರುತ್ತದೆ. ಹಸಿ ಸಿಮೆಂಟು ತೀವ್ರ ಕ್ಷಾರ; ಅದರ ಪಿಎಚ್ 12ರಿಂದ 13. ಪಿಎಚ್ 9 ದಾಟುತ್ತಿದ್ದಂತೆ ಅಮೋನಿಯಂ ಲವಣ ಅಮೋನಿಯಾ ಅನಿಲವಾಗಿ ಬಿಡುಗಡೆಯಾಗುತ್ತದೆ. ಅಂದರೆ ಶುಚಿ ಮಾಡದ ನೆಲದ ಮೇಲೆ ಸಿಮೆಂಟು ಗಾರೆ ಹರಡುವುದು ವಾಸನೆಯನ್ನು ಮುಚ್ಚಿದಂತಲ್ಲ, ಎಬ್ಬಿಸಿದಂತೆ. ವಾಸನೆ ಬಂದ ಜಾಗಕ್ಕೆ ಸುಣ್ಣ ಎರಚುವ ಹಳೆಯ ರೂಢಿಯಲ್ಲೂ ಇದೇ ಆಗುತ್ತದೆ.

ಸಿಮೆಂಟಿನ ಕ್ಷಾರದಿಂದ ಅಮೋನಿಯಾ ಏಳುವುದಕ್ಕೆ ಹೊರದೇಶಗಳಲ್ಲಿ ದೊಡ್ಡ ಪ್ರಮಾಣದ ಉದಾಹರಣೆಗಳಿವೆ. ಸ್ವೀಡನ್ನಿನಲ್ಲಿ 1970ರ ದಶಕದ ಕೊನೆ ಮತ್ತು 1980ರ ದಶಕದ ಆರಂಭದಲ್ಲಿ ನೆಲ ಸಮತಟ್ಟು ಮಾಡುವ ಗಾರೆಗೆ ಹಾಲಿನ ಕೇಸೀನ್ ಸೇರಿಸುತ್ತಿದ್ದರು. ತೇವ ಉಳಿದ ಮನೆಗಳಲ್ಲಿ ಆ ಪ್ರೋಟೀನು ಸಿಮೆಂಟಿನ ಕ್ಷಾರಕ್ಕೆ ಸಿಕ್ಕಿ ಒಡೆದು ಅಮೋನಿಯಾ ಮತ್ತು ಇತರ ದುರ್ವಾಸನೆಯ ವಸ್ತುಗಳನ್ನು ಬಿಟ್ಟಿತು. ಜನ ವರ್ಷಗಟ್ಟಲೆ ಕಷ್ಟಪಟ್ಟರು. ಚೀನಾದಲ್ಲಿ ಚಳಿಗಾಲದಲ್ಲಿ ಕಾಂಕ್ರೀಟು ಹೆಪ್ಪುಗಟ್ಟದಿರಲೆಂದು ಯೂರಿಯಾ ಬೆರೆಸಿದ ಕಟ್ಟಡಗಳೂ ಇದೇ ರೀತಿ ಅಮೋನಿಯಾ ಬಿಟ್ಟವು. ಅಲ್ಲಿ ಮೂಲ ವಸ್ತು ಕಟ್ಟುವಾಗ ಸೇರಿದ್ದು, ಇಲ್ಲಿ ನಾಯಿ ಬೆಕ್ಕಿನಿಂದ ಬಂದದ್ದು. ಸಿಮೆಂಟಿಗೆ ಆ ವ್ಯತ್ಯಾಸವಿಲ್ಲ.

ಕೆಲಸದ ಮೊದಲ ಹೆಜ್ಜೆ ಮೂತ್ರ ಇಳಿದ ಜಾಗವನ್ನು ಗುರುತಿಸುವುದು. ಮನೆಯವರ ಮೂಗನ್ನು ಇದಕ್ಕೆ ನೆಚ್ಚುವಂತಿಲ್ಲ; ದಿನವೂ ಅದೇ ವಾಸನೆಯಲ್ಲಿದ್ದವರಿಗೆ ಅದು ತಿಳಿಯುವುದು ನಿಂತುಹೋಗಿರುತ್ತದೆ. ನಾಲ್ಕು ದಿನ ಮುಚ್ಚಿಟ್ಟ ಕೋಣೆಯ ಬಾಗಿಲು ತೆರೆದಾಗ ಹೊರಗಿನಿಂದ ಬಂದ ನೆಂಟರೋ ನೆರೆಯವರೋ ಹೇಳಿದ್ದೇ ಸರಿ. ಜಾಗ ಹುಡುಕಲು ಅತಿನೇರಳೆ ಬೆಳಕಿನ ಸಣ್ಣ ಟಾರ್ಚು ಒಳ್ಳೆಯ ಸಾಧನ. ಕತ್ತಲಲ್ಲಿ ನೆಲಕ್ಕೆ ಹತ್ತಿರ ಹಿಡಿದು ಸರಿಸಿದರೆ ಒಣಗಿದ ಮೂತ್ರ ಮಂದವಾದ ಹಳದಿ ಹಸಿರಾಗಿ ಹೊಳೆಯುತ್ತದೆ. ಬಟ್ಟೆ ಸೋಪಿನ ಪುಡಿಯಲ್ಲಿರುವ ಬೆಳಪಿನ ವಸ್ತುವೂ ಹೊಳೆಯುತ್ತದೆ, ಆದರೆ ಅದು ನೀಲಿ ಬಿಳುಪು. ಹೊಳೆದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದಿಡಬೇಕು. ಬೆಳಕಿಗೆ ಕಾಣುವುದು ಮೇಲಿನ ಕಲೆ ಮಾತ್ರ. ದ್ರವ ಕೆಳಗಿಳಿಯುತ್ತ ಅಗಲವಾಗುವುದರಿಂದ ಅಡಿಯ ಕಲೆ ಮೇಲಿನದಕ್ಕಿಂತ ದೊಡ್ಡದು. ಗೆರೆಯನ್ನು ಒಂದು ಗೇಣು ಹೊರಗೆ ಎಳೆಯುವುದು ಲೇಸು.

ಅನುಮಾನದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಇದೆ. ಕಾಂಕ್ರೀಟಿನ ತೇವ ನೋಡಲು ಅಮೆರಿಕದ ಮಾನದಂಡವೊಂದರಲ್ಲಿ ಹೇಳಿರುವ ಕ್ರಮ ಅದು: ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ಕನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ ಕನಿಷ್ಠ 16 ಗಂಟೆ ಬಿಡುವುದು. ಹಾಳೆಯ ಅಡಿ ನೀರು ಬೆವರಿದ್ದರೆ ನೆಲ ಒದ್ದೆ. ಅದೇ ಹಾಳೆಯನ್ನು ಎತ್ತಿದ ಕ್ಷಣ ಮೂಗಿಟ್ಟು ನೋಡಿದರೆ ವಾಸನೆಯ ಲೆಕ್ಕವೂ ಸಿಗುತ್ತದೆ. ಬೇಸಿಗೆಯಲ್ಲಿ ಪರೀಕ್ಷಿಸುವಾಗ ಹಾಳೆಯ ಕೆಳಗೆ ಒಂದು ಒದ್ದೆ ಬಟ್ಟೆಯನ್ನು ಇಟ್ಟರೆ ಆ ಚೌಕದೊಳಗೆ ಆಷಾಢದ ಹವೆಯೇ ಉಂಟಾಗಿ, ಮಲಗಿದ ವಾಸನೆ ಏಳುತ್ತದೆ. ಸಲಕರಣೆಯ ಖರ್ಚಿಲ್ಲದ ಈ ಪರೀಕ್ಷೆಯನ್ನು ಮಲೆನಾಡಿನ ಯಾವ ಮನೆಯೂ ಬಿಡಬಾರದು.

ಗೋಡೆಯ ಬುಡವನ್ನು ಮರೆಯುವುದು ಬಹಳ ಕಡೆ ಆಗುವ ತಪ್ಪು. ಗಂಡು ನಾಯಿ ಕಾಲೆತ್ತಿ, ಗಂಡು ಬೆಕ್ಕು ಬಾಲವೆತ್ತಿ ಮೂತ್ರ ಹೊಯ್ಯುವುದು ನಿಂತ ವಸ್ತುಗಳ ಮೇಲೆ. ಅದು ಗೋಡೆಯ ಮೇಲಿಂದ ಇಳಿದು ಸ್ಕರ್ಟಿಂಗ್ ಪಟ್ಟಿಯ ಹಿಂದೆ ಸೇರುತ್ತದೆ. ಪಟ್ಟಿ ಕೀಳದೆ ನೆಲ ಮಾತ್ರ ಶುಚಿ ಮಾಡಿದರೆ ಅರ್ಧ ವಾಸನೆ ಉಳಿಯುತ್ತದೆ. ಮಣ್ಣಿನ ಗೋಡೆಯಾದರೆ ಬುಡದ ಗಿಲಾವನ್ನೂ ಕೆರೆದು ಹೊಸದಾಗಿ ಮೆತ್ತಬೇಕು. ಬಾಗಿಲ ದಾರಂದದ ಕಾಲು, ನಡುಮನೆಯ ಮರದ ಕಂಬದ ಬುಡ, ಇವೂ ನೋಡಲೇಬೇಕಾದ ಜಾಗಗಳು.

ಜಾಗ ಗೊತ್ತಾದ ಮೇಲೆ ಏನು ಮಾಡಬೇಕೆಂಬುದು ಅಡಿಪದರದ ಮೇಲೆ ನಿಂತಿದೆ. ಮಣ್ಣಿನ ನೆಲದ್ದು ಸುಲಭ. ಸಗಣಿ ಸಾರಿಸುವ ಕಾಲದ ಮನೆಗಳಲ್ಲಿ ಉಚ್ಚೆ ಇಳಿದ ಮಣ್ಣನ್ನು ಅಗೆದು ತೋಟಕ್ಕೆ ಹಾಕಿ, ಹೊಸ ಮಣ್ಣು ತುಂಬಿ, ಬಡಿದು ಗಟ್ಟಿ ಮಾಡುತ್ತಿದ್ದರು. ಮಣ್ಣಿನ ವಿಷಯದಲ್ಲಿ ಇಂದಿಗೂ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ವಾಸನೆ ನಿಲ್ಲುವ ಆಳದವರೆಗೆ ತೆಗೆಯುವುದಷ್ಟೇ ನಿಯಮ. ಹಂಚಿನ ಬಿಲ್ಲೆಗಳ ನೆಲವೂ ಹಳೆಯ ಬಂಗಲೆಗಳಲ್ಲಿ ಸಿಗುತ್ತದೆ; ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಇಂಥ ಸುಟ್ಟ ಮಣ್ಣಿನ ಸಾಮಾನು ಘಟ್ಟ ಹತ್ತಿತು. ಹೊಳಪು ಕೊಡದ ಸುಟ್ಟ ಮಣ್ಣು ಮೂತ್ರವನ್ನು ಹೀರುತ್ತದೆ. ಕಲೆಯಾದ ಬಿಲ್ಲೆಯನ್ನು ಎತ್ತಿ ಬದಲಿಸುವುದೇ ಸರಿ, ತೊಳೆದು ಉಳಿಸಲು ಹೋಗುವುದು ವ್ಯರ್ಥ.

ರೆಡ್‌ಆಕ್ಸೈಡ್ ಅಥವಾ ಬರೀ ಸಿಮೆಂಟಿನ ನೆಲ ಚೆನ್ನಾಗಿ ಉಜ್ಜಿ ಹೊಳಪು ತಂದದ್ದಾದರೆ ಹೆಚ್ಚೇನೂ ಹೀರಿರುವುದಿಲ್ಲ. ಬಿರುಕುಗಳನ್ನು ಮಾತ್ರ ನೋಡಿದರೆ ಸಾಕು. ಹಾಗೆಯೇ ಕಾಲಕಾಲಕ್ಕೆ ಎಣ್ಣೆ, ಮೇಣ ತಿಕ್ಕುತ್ತ ಬಂದ ಒಳ್ಳೆಯ ಕೆಂಪು ನೆಲವನ್ನು ಟೈಲ್ಸಿನ ಅಡಿ ಹೂಳುವ ಮೊದಲು ಮನೆಯವರು ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು. ಅಂಥ ನೆಲ ಹಾಕುವ ಗಾರೆಯವರು ಈಗ ಸುಲಭವಾಗಿ ಸಿಗುವುದಿಲ್ಲ. ಬಿರುಕು ಬಿಟ್ಟು ಪೊಳ್ಳಾದ, ಬಡಿದರೆ ಟೊಳ್ಳು ಸದ್ದು ಕೊಡುವ ಕಡೆ ಮಾತ್ರ ಅದನ್ನು ಕಿತ್ತು ಬೆಡ್ಡಿನವರೆಗೆ ಇಳಿಯಬೇಕು. ಹಳೆಯ ಟೈಲ್ಸಿನಲ್ಲಿ ನಾಲ್ಕು ಮೂಲೆಗೆ ಗಾರೆ ಇಟ್ಟು ಒತ್ತಿದ ಕೆಲಸವಾದರೆ ಅಡಿಯ ಪೊಳ್ಳಿನಲ್ಲಿ ಮೂತ್ರ ನಿಂತು ಹುಳಿತಿರುತ್ತದೆ. ಆ ಟೈಲ್ಸನ್ನು ಕೀಳದೆ ದಾರಿಯಿಲ್ಲ.

ತೆರೆದ ಕಾಂಕ್ರೀಟನ್ನು ಮೊದಲು ಗುಡಿಸಿ, ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ತಣ್ಣೀರು ಸುರಿದು ತೊಳೆಯಬೇಕು. ಕರಗುವ ಲವಣದ ದೊಡ್ಡ ಪಾಲು ನೀರಿಗೇ ಬರುತ್ತದೆ. ಆ ನೀರನ್ನು ಅಲ್ಲೇ ಇಂಗಲು ಬಿಡದೆ ಬಟ್ಟೆಯಿಂದಲೋ ನೀರೆಳೆಯುವ ವ್ಯಾಕ್ಯೂಮಿನಿಂದಲೋ ಎತ್ತಿಬಿಡಬೇಕು. ಇಲ್ಲದಿದ್ದರೆ ಕೊಳೆಯನ್ನು ಇನ್ನಷ್ಟು ಆಳಕ್ಕೆ ತಳ್ಳಿದಂತಾಗುತ್ತದೆ. ಬಿಸಿನೀರು, ಹಬೆ ಬೇಡ. ಶಾಖ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸಿ ಅಂಟಿಸುತ್ತದೆ. ಎರಡು ಮೂರು ಸಲ ತೊಳೆದ ಮೇಲೆ ಕಿಣ್ವದ ಶುಚಿಕಾರಕ ಬಳಸುವುದು ಕ್ರಮ. ಇವುಗಳಲ್ಲಿ ಪ್ರೋಟೀನು, ಕೊಬ್ಬು ಒಡೆಯುವ ಕಿಣ್ವಗಳೂ, ಕೆಲವದರಲ್ಲಿ ಬ್ಯಾಸಿಲಸ್ ಜಾತಿಯ ನಿರಪಾಯ ಬ್ಯಾಕ್ಟೀರಿಯಾಗಳೂ ಇರುತ್ತವೆ. ಸಾಕುಪ್ರಾಣಿಗಳ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ, ಅಂಚೆಯಲ್ಲೂ ತರಿಸಬಹುದು. ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ದ್ರಾವಣವೂ ಇಳಿಯಬೇಕು. ಸ್ವಲ್ಪ ಚಿಮುಕಿಸಿ ಒರೆಸಿದರೆ ಹಣವೂ ಹಾಳು, ಕೆಲಸವೂ ಹಾಳು. ನೆಲ ತೊಯ್ಯುವಷ್ಟು ಸುರಿದು, ಮೇಲೆ ಪ್ಲಾಸ್ಟಿಕ್ ಹೊದಿಸಿ ಒಂದು ಹಗಲು ರಾತ್ರಿ ಒಣಗದಂತೆ ಇಡಬೇಕು, ಏಕೆಂದರೆ ಕಿಣ್ವ ಕೆಲಸ ಮಾಡುವುದು ಒದ್ದೆಯಲ್ಲಿ ಮಾತ್ರ. ಮೊದಲೇ ಫಿನಾಯಿಲ್ ಹಾಕಿದ ನೆಲವಾದರೆ ಅದನ್ನು ಪೂರ್ತಿ ತೊಳೆದು ತೆಗೆದಿರಬೇಕು; ಕ್ರಿಮಿನಾಶಕ ಉಳಿದ ಕಡೆ ಬ್ಯಾಕ್ಟೀರಿಯಾವೂ ಸಾಯುತ್ತದೆ, ಕಿಣ್ವವೂ ಕೆಡುತ್ತದೆ.

ಕಿಣ್ವದ ಶುಚಿಕಾರಕ ಸಿಗದಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಉಪಯೋಗಕ್ಕೆ ಬರುತ್ತದೆ, ಬೆಕ್ಕಿನ ಗಂಧಕದ ವಾಸನೆಗೆ ವಿಶೇಷವಾಗಿ. ಗಂಧಕದ ಆ ಅಣುಗಳನ್ನು ಅದು ಉತ್ಕರ್ಷಿಸಿ ವಾಸನೆಯಿಲ್ಲದ ವಸ್ತುಗಳಾಗಿ ಬದಲಿಸುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ 6 ಶೇಕಡಾದ್ದನ್ನು ಸಮಪಾಲು ನೀರಿಗೆ ಬೆರೆಸಿ 3 ಶೇಕಡಾ ಮಾಡಿ, ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಸೇರಿಸಿ ಕೂಡಲೇ ಬಳಸಬೇಕು. ಬೆರೆಸಿದ್ದನ್ನು ಬಾಟಲಿಗೆ ತುಂಬಿ ಮುಚ್ಚಿಡಬಾರದು. ಅನಿಲ ಉಕ್ಕಿ ಬಾಟಲಿ ಒಡೆಯುತ್ತದೆ. ಕಿಣ್ವ ಮತ್ತು ಪೆರಾಕ್ಸೈಡನ್ನು ಒಟ್ಟಿಗೆ ಹಾಕಿದರೆ ಎರಡನೆಯದು ಮೊದಲನೆಯದನ್ನು ಕೊಲ್ಲುತ್ತದೆ. ಒಂದು ಮುಗಿದು ನೆಲ ಒಣಗಿದ ಮೇಲೆ ಇನ್ನೊಂದು.

ವಿನೆಗರ್ ಅಮೋನಿಯಾವನ್ನು ಹಿಡಿದು ಲವಣ ಮಾಡುತ್ತದೆ, ಆದ್ದರಿಂದ ವಾಸನೆ ಕೂಡಲೇ ಇಳಿದಂತೆ ತೋರುತ್ತದೆ. ಆ ಲವಣ ನೆಲದಲ್ಲೇ ಉಳಿದರೆ ಮೇಲೆ ಸಿಮೆಂಟು ಬಿದ್ದ ದಿನ ಅಮೋನಿಯಾ ಮತ್ತೆ ಹೊರಬರುತ್ತದೆ. ವಿನೆಗರ್ ಬಳಸಿದರೆ ತೊಳೆದು ಎತ್ತಲೇಬೇಕು. ಕಡಪ, ಶಹಾಬಾದು ಕಲ್ಲುಗಳು ಸುಣ್ಣಕಲ್ಲಿನ ಜಾತಿ. ಹುಳಿ ತಾಗಿದರೆ ಅವುಗಳ ಮೈ ತಿಂದುಹೋಗುತ್ತದೆ. ಗಾರೆಯ ನೆಲಕ್ಕೂ ಹುಳಿ ಆಗದು. ಬಟ್ಟಲಲ್ಲಿ ಕಾಫಿ ಪುಡಿ ಇಡುವುದು, ಊದುಬತ್ತಿ, ಕರ್ಪೂರ, ಇವು ಕೋಣೆಯ ಗಾಳಿಗೆ ಸಂಬಂಧಿಸಿದವು. ನೆಲದಿಂದ ಏನನ್ನೂ ತೆಗೆಯಲಾರವು.

ಬ್ಲೀಚಿಂಗ್ ಪುಡಿಯ ಬಗ್ಗೆ ಒತ್ತಿ ಹೇಳಬೇಕಾದ ಎಚ್ಚರಿಕೆ ಇದೆ. ಮಳೆಗಾಲದ ಪಾಚಿಗೆಂದು ಮಲೆನಾಡಿನ ಪ್ರತಿ ಮನೆಯಲ್ಲೂ ಅದು ಇರುತ್ತದೆ, ಕೈಗೆ ಮೊದಲು ಸಿಗುವುದೂ ಅದೇ. ಮೂತ್ರದ ಅಮೋನಿಯಾ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಮೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ಡಿನ ಜೊತೆ ಬೆರೆತರೆ ಕ್ಲೋರಿನ್ ಅನಿಲವೇ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಇವು ಶ್ವಾಸಕೋಶವನ್ನು ಸುಡುತ್ತವೆ, ಪ್ರಾಣಕ್ಕೂ ಅಪಾಯ. ಮೂತ್ರದ ನೆಲಕ್ಕೆ ಬ್ಲೀಚಿಂಗ್ ಹಾಕಲೇಬಾರದು. ಕಪ್ಪು ಫಿನಾಯಿಲ್ಲಿನಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದ ಬೆಕ್ಕಿಗೆ ಅದು ವಿಷ. ಕೆಲಸ ಮಾಡುವವರ ರಕ್ಷಣೆಯೂ ಮುಖ್ಯ. ಇಲಿಯ ಮೂತ್ರದಿಂದಲೂ ಸೋಂಕು ತಗುಲಿದ ನಾಯಿಯ ಮೂತ್ರದಿಂದಲೂ ಇಲಿಜ್ವರ ಬರುತ್ತದೆ, ಅದರ ರೋಗಾಣು ಒದ್ದೆಯಲ್ಲಿ ಬಹಳ ದಿನ ಬದುಕುತ್ತದೆ. ಕೂಲಿಗೆ ಬಂದವರಿಗೂ ರಬ್ಬರ್ ಕೈಗವಸು, ಗಂಬೂಟು ಕೊಡುವುದು ಮನೆಯವರ ಹೊಣೆ.

ಮರದ ಹಲಗೆಯ ಅಟ್ಟ ಹೆಚ್ಚು ತಾಳ್ಮೆ ಬೇಡುತ್ತದೆ. ಹಳೆಯ ಮನೆಗಳಲ್ಲಿ ಹಲಸು, ಹೆಬ್ಬಲಸು, ಹೊನ್ನೆ, ಮತ್ತಿಯ ಹಲಗೆಗಳಿವೆ. ಈಚಿನವುಗಳಲ್ಲಿ ತೋಟದ ನೆರಳಿನ ಸಿಲ್ವರ್ ಓಕ್. ಮೂತ್ರ ಹಲಗೆಯ ಮೈಗಿಂತ ಹೆಚ್ಚಾಗಿ ಹಲಗೆಗಳ ನಡುವಿನ ಸಂದಿಯಲ್ಲೂ ತುದಿಯ ಕಡಿತದಲ್ಲೂ ಇಳಿಯುತ್ತದೆ, ಅಲ್ಲಿಂದ ಕೆಳಗಿನ ತೊಲೆಗೆ. ಒಗರಿನ ಅಂಶ ಹೆಚ್ಚಿರುವ ಮರ ಅಮೋನಿಯಾ ತಾಗಿ ಕಪ್ಪಾಗುತ್ತದೆ. ಆ ಕಪ್ಪು ಕಲೆಯೇ ಜಾಗ ತೋರಿಸುತ್ತದೆ. ಬೆರಳುಗುರಿನಿಂದ ಒತ್ತಿದರೆ ತಗ್ಗುವಷ್ಟು ಮೆದುವಾದ ಹಲಗೆಯನ್ನು ತೆಗೆದು ಬೇರೆ ಹಾಕಬೇಕು. ಗಟ್ಟಿಯಾಗಿರುವುದನ್ನು ಉಜ್ಜುಕಾಗದದಿಂದ ಕೆರೆದು, ಕಿಣ್ವದ ದ್ರಾವಣವನ್ನು ಸಂದಿಗೆ ಇಳಿಸಿ, ಚೆನ್ನಾಗಿ ಒಣಗಿಸಬೇಕು. ಪೆರಾಕ್ಸೈಡು ಮರದ ಬಣ್ಣ ತೆಗೆಯುತ್ತದೆ. ಮೇಲೆ ಹೊಸ ಹಾಸು ಬರುವುದಾದರೆ ಅದರಿಂದ ನಷ್ಟವಿಲ್ಲ. ಕೆಲವು ಮನೆಗಳಲ್ಲಿ ಮುಚ್ಚಿಗೆಯ ಹಲಗೆಯ ಮೇಲೆ ಮಣ್ಣು ಹರಡಿರುತ್ತದೆ, ಬೆಂಕಿಗೂ ಸೆಕೆಗೂ ತಡೆಯಾಗಿ. ಬೆಕ್ಕು, ಇಲಿ, ಪುನುಗು ಬೆಕ್ಕು ಎಲ್ಲವೂ ಆ ಮಣ್ಣಿಗೆ ಮೂತ್ರ ಹೊಯ್ದಿರುತ್ತವೆ. ಅದನ್ನು ನೀರು ಚಿಮುಕಿಸಿ ಧೂಳು ಅಡಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಹೊರಹಾಕಿದ ಮೇಲೆಯೇ ಹಲಗೆಯ ಯೋಚನೆ.

ಒಣಗಿಸುವುದಕ್ಕೆ ಕಾಲ ನೋಡಬೇಕು, ಈ ಕೆಲಸದಲ್ಲಿ ಹೆಚ್ಚು ಅವಸರ ನಡೆಯುವುದೂ ಇಲ್ಲಿಯೇ. ನವೆಂಬರ್‌ನಿಂದ ಕಾಫಿ ಕೊಯ್ಲು, ಅಡಿಕೆ ಕೊಯ್ಲು. ಆಗ ಆಳು ಸಿಗುವುದಿಲ್ಲ. ಕೊಯ್ಲು ಮುಗಿದು ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಸಿಗುವ ಒಣ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಡುವೆ ಹೂಮಳೆ ಒಂದೆರಡು ಬಂದರೂ ನೆಲಕ್ಕೆ ಅಡ್ಡಿಯಿಲ್ಲ. ಪೂರ್ತಿ ತೊಯ್ದ ಕಾಂಕ್ರೀಟು ಒಣಗುವುದು ನಿಧಾನ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಕಟ್ಟಡದವರ ಒರಟು ಲೆಕ್ಕ. ಕಿಟಕಿ ತೆರೆದಿಟ್ಟು ಫ್ಯಾನು ಹಾಕಿದರೆ ಬೇಗ ಒಣಗೀತು. ಮತ್ತೆ ಒದ್ದೆ ಬಟ್ಟೆ, ಪ್ಲಾಸ್ಟಿಕ್ಕಿನ ಪರೀಕ್ಷೆ ಮಾಡಿ, ವಾಸನೆ ಬಂದರೆ ಮತ್ತೆ ತೊಳೆದು ಕಿಣ್ವ ಹಾಕಬೇಕು. ಎರಡನೆಯ ಸುತ್ತು ಬೇಕಾಗುವುದು ಸಾಮಾನ್ಯ. ಎರಡು ಸುತ್ತಿಗೂ ಬಗ್ಗದ ಕಾಂಕ್ರೀಟನ್ನು ಒಡೆದು ತೆಗೆದು ಆ ತುಂಡಿಗೆ ಹೊಸದು ಹಾಕುವುದೇ ಕಡಿಮೆ ಖರ್ಚಿನದು.

ಶುಚಿಯಾಗಿ ಒಣಗಿದ ಅಡಿಪದರಕ್ಕೆ ಮೇಲೊಂದು ಲೇಪ ಕೊಟ್ಟರೆ ಉಳಿದ ಅಲ್ಪ ವಾಸನೆಯೂ ಅಲ್ಲೇ ನಿಲ್ಲುತ್ತದೆ. ಮರಕ್ಕೆ ಅರಗಿನ ಲೇಪ ಒಳ್ಳೆಯದೆಂದು ಜಗತ್ತಿನೆಲ್ಲೆಡೆ ಬಡಗಿಗಳು ಒಪ್ಪಿದ್ದಾರೆ. ಅರಗು ಭಾರತದ್ದೇ ಸಾಮಗ್ರಿ. ಕರ್ನಾಟಕದ ಜಾಲಾರಿ ಮರದ ಮೇಲೂ ಅರಗಿನ ಹುಳು ಬೆಳೆಯುತ್ತದೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ, ಈಗ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಅರಗು ಇತ್ತು. ಪಾಲಿಶ್ ಕೆಲಸದವರು ಬಳಸುವ ಚಪಡಾ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಎರಡು ಕೋಟು ಹಲಗೆಗೂ ಸಂದಿಗೂ ಹಚ್ಚಿದರೆ ವಾಸನೆಯ ಅಣುಗಳಿಗೆ ತಡೆ ಬೀಳುತ್ತದೆ. ಸ್ಪಿರಿಟ್ಟಿಗೆ ಬೆಂಕಿ ಬೇಗ ಹತ್ತುತ್ತದೆ. ಬೀಡಿ, ಒಲೆ, ದೀಪ ಹತ್ತಿರವಿರಬಾರದು. ಅರಗು ಕ್ಷಾರಕ್ಕೆ ಕರಗುವುದರಿಂದ ಸಿಮೆಂಟಿಗೆ ಅದು ಒಗ್ಗದು, ಅಲ್ಲಿ ಎಪಾಕ್ಸಿ ಬೇಕು. ಆದರೆ ಅಡಿಯಿಂದ ತೇವ ಏರುವ ನೆಲಕ್ಕೆ, ಅಂದರೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಸದೆ ಕಾಂಕ್ರೀಟು ಹಾಕಿದ ಹಳೆಯ ಮನೆಗಳಿಗೆ, ಎಪಾಕ್ಸಿ ಹಚ್ಚಿದರೆ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಎದ್ದು ಸಿಪ್ಪೆಯಾಗುತ್ತದೆ. ಅಂಥ ನೆಲಕ್ಕೆ ಮೊದಲು ಮನೆಯ ಸುತ್ತಿನ ಚರಂಡಿ ಸರಿಪಡಿಸಿ ನೀರು ಬುಡಕ್ಕೆ ಬಾರದಂತೆ ಮಾಡಬೇಕು. ಲೇಪ ಎಂದಿಗೂ ಶುಚಿ ಮಾಡುವುದಕ್ಕೆ ಬದಲಿಯಲ್ಲ.

ಮೇಲಿನ ನೆಲದ ಆಯ್ಕೆಯಲ್ಲಿ ನಾಯಿ ಬೆಕ್ಕು ಇರುವ ಮನೆಗೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ಹೊಂದುತ್ತದೆ. ಗಾರೆಯನ್ನು ಮೂಲೆಗಿಟ್ಟು ಒತ್ತದೆ ಪೂರ್ತಿ ಹರಡಿ ಕೂರಿಸಬೇಕು, ಸಂದಿಗೆ ಬಿಳಿ ಸಿಮೆಂಟಿನ ಬದಲು ಎಪಾಕ್ಸಿ ತುಂಬಬೇಕು. ಅಡಿಯಲ್ಲಿ ಸ್ಪಂಜು ಹಾಳೆ ಹಾಸಿ ಮೇಲೆ ಜೋಡಿಸುವ ಲ್ಯಾಮಿನೇಟ್ ಹಲಗೆ ಕಳಸದ ಹವೆಗೆ ಸರಿಬಾರದು: ಒಮ್ಮೆ ಸಂದಿಯಿಂದ ಮೂತ್ರ ಇಳಿದರೆ ಸ್ಪಂಜು ಹಿಡಿದಿಡುತ್ತದೆ, ಹಲಗೆಯ ಅಂಚು ಊದುತ್ತದೆ. ಸ್ಕರ್ಟಿಂಗನ್ನೂ ಅದೇ ಟೈಲ್ಸಿನಿಂದ ಒಂದ್ಹತ್ತು ಸೆಂಟಿಮೀಟರ್ ಎತ್ತರಕ್ಕೆ ಕೂರಿಸಿ, ನೆಲ ಗೋಡೆ ಸೇರುವ ಮೂಲೆಯನ್ನು ಸಿಲಿಕೋನಿನಿಂದ ಮುಚ್ಚಿದರೆ ನಾಯಿಯ ಅಭ್ಯಾಸದ ಜಾಗ ಭದ್ರವಾಗುತ್ತದೆ.

ಇಷ್ಟರ ಜೊತೆಗೆ ಪ್ರಾಣಿಯನ್ನೂ ನೋಡಬೇಕು. ಹೊರಗೆ ಹೋಗುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಮೂತ್ರ ಹೊಯ್ಯತೊಡಗಿದರೆ ಅದಕ್ಕೆ ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಮೂತ್ರಪಿಂಡದ ದೋಷ ಇದ್ದೀತು. ಸಂತಾನಹರಣ ಚಿಕಿತ್ಸೆಯಾದ ಹೆಣ್ಣು ನಾಯಿಗೆ ವಯಸ್ಸಾದಂತೆ ಮೂತ್ರ ಸೋರುವುದೂ ಉಂಟು, ಅದಕ್ಕೆ ಔಷಧವಿದೆ. ಗಂಡು ಬೆಕ್ಕು ಪದೇ ಪದೇ ಕೂತು ಮೂತ್ರ ಬಾರದೆ ಕಷ್ಟಪಡುತ್ತಿದ್ದರೆ ಅದು ಒಂದೆರಡು ದಿನದಲ್ಲಿ ಪ್ರಾಣ ತೆಗೆಯುವ ತಡೆ. ಆ ಹೊತ್ತೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಗಂಡು ಬೆಕ್ಕಿಗೆ ಬೀಜ ಒಡೆಸಿದರೆ ಗೋಡೆಗೆ ಸಿಡಿಸುವ ಅಭ್ಯಾಸ ಹೆಚ್ಚಿನವುಗಳಲ್ಲಿ ನಿಲ್ಲುತ್ತದೆ. ಒಳಗೆ ಮೂತ್ರ ಹೊಯ್ದ ಪ್ರಾಣಿಯನ್ನು ಹೊಡೆಯುವುದರಿಂದ ಏನೂ ಸಿಗದು, ಹೆದರಿಕೆಯಿಂದ ಅದು ಇನ್ನೂ ಮರೆಯ ಜಾಗ ಹುಡುಕುತ್ತದೆ. ಮಳೆಗಾಲದ ರಾತ್ರಿಗೆ ಜಗಲಿಯ ಒಂದು ಬದಿಯಲ್ಲಿ ಸೂರಿನಡಿ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ, ನೀರು ಹರಿದುಹೋಗಲು ಚರಂಡಿ ಬಿಟ್ಟು, ಅದನ್ನು ಕಂಬಿಯಿಂದ ಭದ್ರಪಡಿಸಿದರೆ ನಾಯಿಗೆ ಚಿರತೆಯಿಂದ ರಕ್ಷಣೆಯೂ ಆಯಿತು, ಹೊಯ್ಯಲು ಜಾಗವೂ ಆಯಿತು. ನೆಲ ಕೀಳುವ ಕೆಲಸಕ್ಕೆ ಮೇಸ್ತ್ರಿ ಬಂದಿರುವಾಗಲೇ ಅದನ್ನೂ ಕಟ್ಟಿಸಿಕೊಂಡರೆ ಬೇರೆ ಖರ್ಚು ಹೆಚ್ಚಾಗುವುದಿಲ್ಲ.